ಕಬ್ಬಿಣ ಮುಗಿದಿಲ್ಲ, ಊರು ಮುಗಿಯುತ್ತಾ ಬಂತು

ಯುರೋಪಿನ ಆಸ್ಟ್ರಿಯಾ ದೇಶದಲ್ಲಿ, ಆಲ್ಪ್ಸ್ ಬೆಟ್ಟಗಳ ನಡುವೆ ಒಂದು ಹಳೇ ಕಥೆ ಓಡಾಡುತ್ತದೆ. ಬಹಳ ಹಿಂದೆ ಅಲ್ಲಿನ ಜನ ಒಬ್ಬ ನೀರಿನ ಮನುಷ್ಯನನ್ನು ಹಿಡಿದು ಕಟ್ಟಿಹಾಕಿದರಂತೆ. ಬಿಟ್ಟರೆ ವರ ಕೊಡುತ್ತೇನೆ ಅಂದನಂತೆ ಅವನು. ಚಿನ್ನ ಕೇಳಿದರೆ ಸ್ವಲ್ಪ ದಿನ ಇರುತ್ತದೆ, ಬೆಳ್ಳಿ ಕೇಳಿದರೆ ಇನ್ನೂ ಸ್ವಲ್ಪ ಹೆಚ್ಚು ದಿನ ಇರುತ್ತದೆ, ಕಬ್ಬಿಣ ಕೇಳಿದರೆ ಎಂದೆಂದಿಗೂ ಇರುತ್ತದೆ, ಯಾವುದು ಬೇಕು?

ಜನ ಜಾಣರು. ಕಬ್ಬಿಣ ಕೇಳಿದರು. ಅವನು ಎದುರಿಗಿದ್ದ ಬೆಟ್ಟ ತೋರಿಸಿ ನೀರಿಗೆ ಹಾರಿ ಮಾಯವಾದ. ಆ ಬೆಟ್ಟದ ಹೆಸರು ಎರ್ಟ್ಸ್‌ಬರ್ಗ್. ನಮ್ಮ ಮಾತಲ್ಲಿ ಹೇಳುವುದಾದರೆ ಅದಿರಿನ ಬೆಟ್ಟ.

ನೀರಿನ ಮನುಷ್ಯ ಸುಳ್ಳು ಹೇಳಲಿಲ್ಲ. ಸಾವಿರ ವರ್ಷದಿಂದ ಅಗೆಯುತ್ತಿದ್ದರೂ ಆ ಬೆಟ್ಟದಲ್ಲಿ ಅದಿರು ಮುಗಿದಿಲ್ಲ. ಇವತ್ತಿಗೂ ವರ್ಷಕ್ಕೆ ಸುಮಾರು 30 ಲಕ್ಷ ಟನ್ ಅದಿರು ಅಲ್ಲಿಂದ ಇಳಿಯುತ್ತದೆ. ಆದರೆ ಅವನನ್ನು ಇನ್ನೊಂದು ಮಾತು ಕೇಳುವುದನ್ನು ಎಲ್ಲರೂ ಮರೆತರು. ಕಬ್ಬಿಣ ಇರುತ್ತದೆ ಸರಿ, ನಾವು ಇರುತ್ತೇವಾ?

ಈ ಬರಹ ಆ ಕೇಳದೇ ಬಿಟ್ಟ ಪ್ರಶ್ನೆಯ ಬಗ್ಗೆ.

ಗಣಿ ಸೀಮೆಯ ಯಾವ ಅಹವಾಲು ಸಭೆಗೆ ಹೋದರೂ ನಮಗೆ ಕೇಳುವುದು ಒಂದೇ ಮಾತು: ಗಣಿ ಇದ್ದರೆ ಊರು, ಗಣಿ ನಿಂತರೆ ಊರು ಹಾಳು. ವೇದಿಕೆ ಮೇಲಿನವರೂ ಹೇಳುತ್ತಾರೆ, ಕೆಳಗೆ ಕೂತ ನಮ್ಮವರೂ ತಲೆಯಾಡಿಸುತ್ತಾರೆ. ನಾವು ಹೇಳುತ್ತೇವೆ, ಈ ಮಾತು ತಪ್ಪು. ಗಣಿ ನಿಲ್ಲದೆಯೂ ಊರು ಹಾಳಾಗುತ್ತದೆ. ಅದಕ್ಕೆ ಸಾಕ್ಷಿ ಆ ಅದಿರಿನ ಬೆಟ್ಟದ ಎರಡು ಬದಿಗೆ ಇರುವ ಎರಡು ಊರು. ನಾವು ಅಲ್ಲಿಗೆ ಹೋಗಿ ಬಂದವರಲ್ಲ. ಓದಿ, ನಕ್ಷೆ ನೋಡಿ, ನಮ್ಮ ನಮ್ಮಲ್ಲೇ ವಾದ ಮಾಡಿ ಬರೆಯುತ್ತಿದ್ದೇವೆ.

ಹದಿನಾಲ್ಕು ಗಾಲಿಗಳ ಪೇಟೆ

ಮೊದಲನೇ ಊರು ಫೋರ್ಡರ್ನ್‌ಬರ್ಗ್. ಸ್ಟೈರಿಯಾ ರಾಜ್ಯದಲ್ಲಿ, ಕಿರಿದಾದ ಒಂದು ಕಣಿವೆಯಲ್ಲಿ, ಹಳ್ಳದ ಉದ್ದಕ್ಕೂ ಬೀದಿಯಂತೆ ಚಾಚಿಕೊಂಡ ಚಿಕ್ಕ ಪೇಟೆ. 15ನೇ ಶತಮಾನದಲ್ಲೇ ಸಂತೆ ನಡೆಸುವ ಹಕ್ಕು ಪಡೆದ ಊರು ಇದು. ಇಂದಿಗೂ ಸರ್ಕಾರಿ ದಾಖಲೆಯಲ್ಲಿ ಅದಕ್ಕೆ ಪೇಟೆ ಎಂಬ ಸ್ಥಾನಮಾನವೇ ಇದೆ.

ಎರಡನೇ ಊರು ಐಸೆನೆರ್ಟ್ಸ್. ಘಾಟಿಯ ಆಚೆ ಬದಿಗೆ, ಬೆಟ್ಟದ ಬುಡದಲ್ಲಿದೆ. ಎರಡೂ ಊರಿನ ನಡುವೆ ಪ್ರೆಬಿಖ್ಲ್ ಎಂಬ ಘಾಟಿ. ಹಿಂದೆ ಬೆಟ್ಟವನ್ನೇ ಅಡ್ಡಡ್ಡ ಗೆರೆ ಎಳೆದು ಹಂಚಿಕೊಂಡಿದ್ದರು. ಗೆರೆಯ ಮೇಲಿನ ಅದಿರು ಫೋರ್ಡರ್ನ್‌ಬರ್ಗಿಗೆ, ಕೆಳಗಿನದು ಐಸೆನೆರ್ಟ್ಸ್‌ಗೆ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ.

ಫೋರ್ಡರ್ನ್‌ಬರ್ಗಿನಲ್ಲಿ ಅದಿರು ಕರಗಿಸುವ 14 ಕುಲುಮೆಗಳಿದ್ದವು. ಹಳ್ಳದ ನೀರಿನಿಂದ ದೊಡ್ಡ ಗಾಲಿ ತಿರುಗುತ್ತಿತ್ತು, ಗಾಲಿಯಿಂದ ತಿದಿ ಊದುತ್ತಿತ್ತು, ತಿದಿಯ ಗಾಳಿಗೆ ಇದ್ದಿಲು ಉರಿಯುತ್ತಿತ್ತು. ಅದಕ್ಕೇ ಒಂದೊಂದು ಕುಲುಮೆಗೂ ಗಾಲಿ ಕಾರ್ಖಾನೆ ಅಂತ ಹೆಸರು, ಅದರ ಒಡೆಯನಿಗೆ ಗಾಲಿ ಯಜಮಾನ ಅಂತ ಹೆಸರು. ಆ ಯಜಮಾನರು ಕಟ್ಟಿಸಿದ ದೊಡ್ಡ ಮನೆಗಳು ಇವತ್ತಿಗೂ ಬೀದಿಯಲ್ಲಿ ನಿಂತಿವೆ.

ಇದ್ದಿಲು ಎಲ್ಲಿಂದ? ಸುತ್ತಲ ಕಾಡಿನಿಂದ. ಅನ್ನ ಎಲ್ಲಿಂದ? ಸುತ್ತಲ ರೈತರಿಂದ. ಇದನ್ನು ರೈತ ಓದುಗರು ಗಮನವಿಟ್ಟು ನೋಡಬೇಕು. ಇಂಥಿಂಥ ಕಾಡಿನ ಮರ ಕಬ್ಬಿಣಕ್ಕೇ ಮೀಸಲು, ಇಂಥಿಂಥ ಸೀಮೆಯ ದವಸಧಾನ್ಯ ಗಣಿ ಊರುಗಳಿಗೇ ಹೋಗಬೇಕು ಎಂದು ಅರಸರ ಕಟ್ಟಳೆ ಇತ್ತು. ಷೈಬ್ಸ್, ಪುರ್ಗ್‌ಸ್ಟಾಲ್, ಗ್ರೆಸ್ಟೆನ್ ಎಂಬ ಮೂರು ಪೇಟೆಗಳು ಹೀಗೆ ಘಾಟಿ ದಾಟಿಸಿ ದವಸ ಕಳಿಸುತ್ತಿದ್ದವು, ಬದಲಿಗೆ ಕಬ್ಬಿಣ ಪಡೆಯುತ್ತಿದ್ದವು. ಆ ಕಬ್ಬಿಣದಿಂದ ಆದ ಹುಲ್ಲು ಕೊಯ್ಯುವ ಕುಡುಗೋಲುಗಳು ದೂರ ದೂರದ ದೇಶಗಳಿಗೆ ಹೋದವು. ಒಂದು ಬೆಟ್ಟಕ್ಕಾಗಿ ಒಂದು ನಾಡೇ ದುಡಿಯಿತು ಅಂದರೆ ತಪ್ಪಿಲ್ಲ.

ಆ ಪೇಟೆ ಒಳ್ಳೆಯದನ್ನೂ ಮಾಡಿತು

ನಾವು ಬಯ್ಯುವುದಕ್ಕೇ ಕೂತವರಲ್ಲ. ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು.

19ನೇ ಶತಮಾನದ ಶುರುವಿನಲ್ಲಿ ಫೋರ್ಡರ್ನ್‌ಬರ್ಗಿನ ಯಜಮಾನರು ಒಬ್ಬೊಬ್ಬರೂ ತಮ್ಮ ತಮ್ಮ ಪಾಲಿನ ಅದಿರನ್ನು ಬೇರೆ ಬೇರೆಯಾಗಿ ಅಗೆಯುತ್ತಿದ್ದರು. ಆಗ ಆ ಊರಿಗೆ ಒಬ್ಬ ರಾಜಮನೆತನದವನು ಬಂದ. ಆಸ್ಟ್ರಿಯಾ ಚಕ್ರವರ್ತಿಯ ತಮ್ಮ, ಆರ್ಚ್‌ಡ್ಯೂಕ್ ಯೋಹಾನ್. 1822ರಲ್ಲಿ ಒಂದು ಗಾಲಿ ಕಾರ್ಖಾನೆ ಕೊಂಡುಕೊಂಡು ತಾನೇ ಗಾಲಿ ಯಜಮಾನನಾದ. ಅಂಚೆ ಯಜಮಾನನೊಬ್ಬನ ಮಗಳು ಆನ್ನಾ ಪ್ಲೋಖ್ಲ್‌ಳನ್ನು 1829ರಲ್ಲಿ ಮದುವೆಯಾದ. ಅದೇ 1829ರಲ್ಲಿ ಯಜಮಾನರನ್ನೆಲ್ಲ ಒಂದು ಒಕ್ಕೂಟಕ್ಕೆ ತಂದು, ಅದಿರು ಅಗೆಯುವುದನ್ನೂ ಸಾಗಿಸುವುದನ್ನೂ ಒಟ್ಟಾಗಿ ನಡೆಸುವ ಹಾಗೆ ಮಾಡಿದ.

1840ರಲ್ಲಿ ಅದೇ ಚಿಕ್ಕ ಪೇಟೆಯಲ್ಲಿ ಗಣಿ ಮತ್ತು ಲೋಹದ ವಿದ್ಯೆ ಕಲಿಸುವ ಶಾಲೆ ತೆರೆಯಿತು. ಪೀಟರ್ ಟುನ್ನರ್ ಎಂಬ ವಿದ್ವಾಂಸ ಅದರ ಮುಖ್ಯಸ್ಥ. ಹುಡುಗರು ಪಾಠ ಕೇಳಿ, ಎದ್ದು ಹೊರಗೆ ಬಂದರೆ ಕುಲುಮೆ ಕಣ್ಣೆದುರಿಗೇ. ಇಂಥ ಶಾಲೆ ಯಾವ ಊರಿಗೆ ಬೇಡ?

ಇನ್ನೊಂದು ವಿಷಯ. ಆ ಸೀಮೆಯ ಗಣಿ ಕೆಲಸಗಾರರಲ್ಲಿ ಬ್ರೂಡರ್‌ಲಾಡೆ ಎಂಬ ಪದ್ಧತಿ ಇತ್ತು. ಹೆಸರಿನ ಅರ್ಥ ಅಣ್ಣತಮ್ಮಂದಿರ ಪೆಟ್ಟಿಗೆ. ಕೂಲಿಯಿಂದ ಒಂದಿಷ್ಟು ದುಡ್ಡು ಆ ಪೆಟ್ಟಿಗೆಗೆ. ಕೈಕಾಲು ಮುರಿದವನಿಗೆ, ಕಾಯಿಲೆ ಬಿದ್ದವನಿಗೆ, ಗಂಡ ಸತ್ತ ಹೆಂಗಸಿಗೆ ಅದರಿಂದ ಸಹಾಯ. 1854ರ ಗಣಿ ಕಾನೂನು ಆ ಪೆಟ್ಟಿಗೆಯನ್ನು ಕಡ್ಡಾಯ ಮಾಡಿತು. ಸರ್ಕಾರದ ಪಿಂಚಣಿ, ವಿಮೆ ಹುಟ್ಟುವ ಮೊದಲೇ ಬಡವರು ಕಟ್ಟಿಕೊಂಡ ವ್ಯವಸ್ಥೆ ಇದು.

ಕಾಡು ಇತ್ತು, ಅದಿರು ಇತ್ತು, ಕುಲುಮೆ ಇತ್ತು, ಒಕ್ಕೂಟ ಇತ್ತು, ಶಾಲೆ ಇತ್ತು, ಪೆಟ್ಟಿಗೆ ಇತ್ತು. ಇಷ್ಟೆಲ್ಲ ಇದ್ದ ಊರು ಏನಾಯಿತು ನೋಡಿ.

ಒಂದೊಂದಾಗಿ ಇಳಿದು ಹೋದವು

ಮೊದಲು ಹೋದದ್ದು ಶಾಲೆ. ಒಂಬತ್ತೇ ವರ್ಷ. 1849ರಲ್ಲಿ ಅದನ್ನು ಕಣಿವೆಯ ಕೆಳಗಿನ ದೊಡ್ಡ ಊರು ಲಿಯೋಬೆನ್‌ಗೆ ಸಾಗಿಸಿದರು. ಇವತ್ತು ಅದು ಹೊರದೇಶಗಳಿಂದಲೂ ಮಕ್ಕಳು ಓದಲು ಬರುವ ವಿಶ್ವವಿದ್ಯಾಲಯ. ಹುಟ್ಟಿದ್ದು ಫೋರ್ಡರ್ನ್‌ಬರ್ಗಿನಲ್ಲಿ, ಬೆಳೆದದ್ದು ಲಿಯೋಬೆನ್‌ನಲ್ಲಿ.

ಆಮೇಲೆ ಹೋದದ್ದು ಒಡೆತನ. 1881ರಲ್ಲಿ ಆಸ್ಟ್ರಿಯಾದ ಕಬ್ಬಿಣದ ಕಂಪನಿಗಳನ್ನು ಒಟ್ಟುಗೂಡಿಸಿ ಆಲ್ಪೈನ್ ಮೊಂಟಾನ್ ಎಂಬ ಒಂದೇ ದೊಡ್ಡ ಕಂಪನಿ ಮಾಡಿದರು. ಅದಕ್ಕೂ ಮೊದಲು ಯಜಮಾನ ಅಂದರೆ ಅದೇ ಬೀದಿಯಲ್ಲಿ ಮನೆ ಇದ್ದವನು. ಒಳ್ಳೆಯವನೋ ಕೆಟ್ಟವನೋ, ಬೆಳಿಗ್ಗೆ ಎದ್ದರೆ ಕಣ್ಣಿಗೆ ಬೀಳುತ್ತಿದ್ದ. ಆಮೇಲೆ ಯಜಮಾನ ಅಂದರೆ ಶೇರು ಪತ್ರ. ಅದಕ್ಕೆ ಮುಖ ಇಲ್ಲ, ಮನೆ ಇಲ್ಲ, ನೆರೆಹೊರೆ ಇಲ್ಲ.

ಆಮೇಲೆ ಹೋದದ್ದು ಬೆಂಕಿ. 1891ರಲ್ಲಿ ಐಸೆನೆರ್ಟ್ಸ್‌ನಿಂದ ಘಾಟಿ ಹತ್ತಿ ಫೋರ್ಡರ್ನ್‌ಬರ್ಗಿಗೆ ಇಳಿಯುವ ರೈಲು ಬಂತು. ಏರು ಎಷ್ಟಿತ್ತೆಂದರೆ ಹಳಿಗಳ ನಡುವೆ ಹಲ್ಲುಪಟ್ಟಿ ಹಾಕಿ, ಎಂಜಿನ್ನಿನ ಹಲ್ಲುಚಕ್ರ ಅದಕ್ಕೆ ಕಚ್ಚಿಕೊಂಡು ಹತ್ತಬೇಕಿತ್ತು. ರೈಲು ಬಂದರೆ ಊರು ಬೆಳೆಯುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಇಲ್ಲಿ ಆದದ್ದು ಬೇರೆ. ರೈಲು ಅದಿರು ಹೊತ್ತು ಫೋರ್ಡರ್ನ್‌ಬರ್ಗಿನ ಕುಲುಮೆಗಳ ಪಕ್ಕದಲ್ಲೇ ಹಾದು, ಲಿಯೋಬೆನ್ ಪಕ್ಕದ ಡೋನಾವಿಟ್ಸ್‌ಗೆ ಇಳಿಯಿತು. ಅಲ್ಲಿ ಕೋಕ್ ಕಲ್ಲಿದ್ದಲಿನಿಂದ ಉರಿಯುವ ದೈತ್ಯ ಕುಲುಮೆಗಳು ಎದ್ದಿದ್ದವು. ಕಾಡಿನ ಇದ್ದಿಲು ನಂಬಿದ ಚಿಕ್ಕ ಕುಲುಮೆಗಳು ಅದರ ಎದುರು ನಿಲ್ಲಲಿಲ್ಲ. ಮೊದಲ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಲ್ಲಿ ಫೋರ್ಡರ್ನ್‌ಬರ್ಗಿನ ಕುಲುಮೆಗಳ ಕಾಲ ಮುಗಿಯಿತು. ನೂರಾರು ವರ್ಷ ಉರಿದ ಬೆಂಕಿ ಆರಿತು.

ಕೊನೆಗೆ ರೈಲೂ ಹೋಯಿತು. 1980ರ ದಶಕದಲ್ಲಿ ಮೊದಲು ಅದಿರಿನ ಗಾಡಿ ನಿಂತಿತು, 1988ರಲ್ಲಿ ಪ್ರಯಾಣಿಕರ ಗಾಡಿಯೂ ನಿಂತಿತು.

ಗಮನಿಸಿ, ಇದರಲ್ಲಿ ಯಾವುದೂ ಅದಿರು ಮುಗಿದು ಆದದ್ದಲ್ಲ. ಯಾರೂ ಗಣಿ ಮುಚ್ಚಿಸಿ ಆದದ್ದಲ್ಲ. ಪರಿಸರದವರು ಬಂದು ಅಡ್ಡ ಮಲಗಿ ಆದದ್ದಲ್ಲ. ಲೆಕ್ಕ ಬದಲಾಯಿತು, ಅಷ್ಟೇ. ಲೆಕ್ಕ ಬರೆಯುವವರು ಊರಿನಲ್ಲಿ ಇರಲಿಲ್ಲ.

ಗಣಿ ಉಳಿದ ಊರಿನ ಕಥೆ

ಫೋರ್ಡರ್ನ್‌ಬರ್ಗಿನಲ್ಲಿ ಕುಲುಮೆ ಹೋಯಿತು, ಅದಕ್ಕೇ ಊರು ಬಡವಾಯಿತು, ಗಣಿ ಉಳಿದಿದ್ದರೆ ಹಾಗೆ ಆಗುತ್ತಿರಲಿಲ್ಲ ಅಂತ ಯಾರಾದರೂ ಹೇಳಬಹುದು. ಹಾಗಾದರೆ ಘಾಟಿಯ ಆಚೆಗೆ ಬನ್ನಿ, ಐಸೆನೆರ್ಟ್ಸ್‌ಗೆ. ಅಲ್ಲಿ ಗಣಿ ಒಂದು ದಿನಕ್ಕೂ ಊರು ಬಿಟ್ಟು ಹೋಗಿಲ್ಲ.

1890ರ ಆಸುಪಾಸಿನಿಂದ ಆ ಬೆಟ್ಟವನ್ನು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿಯಲು ಶುರು ಮಾಡಿದರು. ದೂರದಿಂದ ನೋಡಿದರೆ ಕೆಂಪು ಬಣ್ಣದ ಮೆಟ್ಟಿಲು ದೇಗುಲದ ಹಾಗೆ ಕಾಣುತ್ತದೆ. ಹಿಂದೆ 1,500 ಮೀಟರಿಗಿಂತ ಎತ್ತರ ಇದ್ದ ಬೆಟ್ಟ ಈಗ 1,466 ಮೀಟರ್. ತಲೆಯನ್ನೇ ಕಡಿದು ಮಾರಿದ್ದಾರೆ.

1950ರ ದಶಕದಲ್ಲಿ ಐಸೆನೆರ್ಟ್ಸ್‌ನಲ್ಲಿ ಸುಮಾರು 13,000 ಜನ ಇದ್ದರು. ಗಣಿಯಲ್ಲಿ ಸಾವಿರಾರು ಜನರಿಗೆ ಕೆಲಸ. ಸರ್ಕಾರಿ ಸ್ವಾಮ್ಯದ ಕಂಪನಿ, ಒಳ್ಳೆಯ ಸಂಬಳ, ಕಂಪನಿಯ ಮನೆಗಳು. ಅಪ್ಪನ ನಂತರ ಮಗ, ಮಗನ ನಂತರ ಮೊಮ್ಮಗ, ಹೀಗೇ ನಡೆಯುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು.

ಈಗ ಆ ಊರಿನಲ್ಲಿ 4,000ಕ್ಕೂ ಕಡಿಮೆ ಜನ. ಗಣಿಯಲ್ಲಿ ಕೆಲಸ ಮಾಡುವವರು ಇನ್ನೂರು ಚಿಲ್ಲರೆ. ಅದಿರು ಮಾತ್ರ ವರ್ಷಕ್ಕೆ ಅದೇ 30 ಲಕ್ಷ ಟನ್ ಹೋಗುತ್ತಲೇ ಇದೆ.

ಇದನ್ನು ಇನ್ನೊಮ್ಮೆ ಓದಿ. ಗಣಿ ನಡೆಯುತ್ತಿದೆ. ಅದಿರು ಹೋಗುತ್ತಿದೆ. ಊರಿನ ಮೂರರಲ್ಲಿ ಎರಡು ಪಾಲು ಜನ ಇಲ್ಲ.

ಏನಾಯಿತು? ಯಂತ್ರ ದೊಡ್ಡದಾಯಿತು. ನೂರು ಜನ ಗುದ್ದಲಿಯಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಈಗ ಒಬ್ಬ ಚಾಲಕ, ಒಂದು ಬೃಹತ್ ಡಂಪರ್ ಸಾಕು. 1986ರಲ್ಲಿ ಸುರಂಗದ ಗಣಿ ನಿಂತಿತು. ಅದೇ ಹೊತ್ತಿಗೆ ಯುರೋಪಿನ ಉಕ್ಕಿನ ಉದ್ಯಮವೇ ಕಷ್ಟಕ್ಕೆ ಸಿಕ್ಕಿತ್ತು. ಹುಡುಗ ಹುಡುಗಿಯರು ಓದಿಗೆ ಅಂತ ಹೋದವರು ತಿರುಗಿ ಬರಲಿಲ್ಲ. ಇಂದು ಆಸ್ಟ್ರಿಯಾದಲ್ಲೇ ಅತಿ ಹೆಚ್ಚು ವಯಸ್ಸಾದವರು ಇರುವ ಊರುಗಳಲ್ಲಿ ಅದೂ ಒಂದು. ಖಾಲಿ ಬಿದ್ದ ಕೆಲಸಗಾರರ ವಸತಿ ಕಟ್ಟಡಗಳನ್ನು ಕೆಡವಬೇಕಾಯಿತು. ಮನೆ ಸಿಗದೆ ಒದ್ದಾಡುವ ನಮಗೆ ಮನೆ ಕೆಡವುವ ಊರು ವಿಚಿತ್ರ ಅನ್ನಿಸುತ್ತದೆ. ದೀಪ ಹಚ್ಚುವವರಿಲ್ಲದ ಮನೆಯನ್ನು ಏನು ಮಾಡುತ್ತೀರಿ?

ಅವರದು ಶ್ರೀಮಂತ ದೇಶ ಅನ್ನುವುದನ್ನು ಮರೆಯಬೇಡಿ. ಉಳಿದ ಹಿರಿಯರಿಗೆ ಪಿಂಚಣಿ ಇದೆ, ಆಸ್ಪತ್ರೆ ಖರ್ಚಿನ ಭಯವಿಲ್ಲ, ಕುಡಿಯುವ ನೀರು ಶುದ್ಧ. ಅಷ್ಟೆಲ್ಲ ಇದ್ದೂ ಊರನ್ನು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಪಿಂಚಣಿಯೂ ಇಲ್ಲದ, ಬೋರ್‌ವೆಲ್ ಬತ್ತಿದ, ಮುಸುಕಿನ ಜೋಳದ ಎಲೆ ಮೇಲೆ ಕೆಂಪು ಧೂಳು ಕೂತ ಊರುಗಳ ಗತಿ ಏನು ಅಂತ ನೀವೇ ಯೋಚಿಸಿ.

ಕುಲುಮೆ ಜಾಗಕ್ಕೆ ಬಂದದ್ದು

ಈಗ ಮತ್ತೆ ಫೋರ್ಡರ್ನ್‌ಬರ್ಗಿಗೆ. ಸುಮಾರು ಸಾವಿರ ಜನರ ಊರು ಈಗ ಅದು. 14 ಕುಲುಮೆಯ ಊರಿಗೆ 21ನೇ ಶತಮಾನ ತಂದುಕೊಟ್ಟ ದೊಡ್ಡ ಕಟ್ಟಡ ಯಾವುದು ಗೊತ್ತಾ? ದೇಶದಿಂದ ಹೊರಹಾಕಬೇಕಾದ ವಿದೇಶಿಯರನ್ನು ಕೂಡಿಡುವ ಬಂಧನ ಕೇಂದ್ರ. 2014ರಲ್ಲಿ ತೆರೆಯಿತು. ಸುಮಾರು 200 ಜನರನ್ನು ಇಡುವಷ್ಟು ಜಾಗ. ಅಪರಾಧ ಮಾಡಿದವರ ಜೈಲಲ್ಲ ಅದು. ಇರಲು ಪರವಾನಗಿ ಸಿಗದವರನ್ನು ವಾಪಸ್ ಕಳಿಸುವ ತನಕ ಇಡುವ ಜಾಗ. ಕಾವಲಿನ ಕೆಲಸದಲ್ಲಿ ಒಂದು ಖಾಸಗಿ ಭದ್ರತಾ ಕಂಪನಿಯೂ ಪಾಲುದಾರ.

ಊರಿನವರು ಅದನ್ನು ಯಾಕೆ ಒಪ್ಪಿಕೊಂಡರು? ಉತ್ತರ ನಿಮಗೆ ಗೊತ್ತಿದೆ. ಕೆಲಸ ಸಿಗುತ್ತದೆ ಅಂತ.

ನಾವು ಆ ಊರಿನವರನ್ನು ಹಳಿಯುವುದಿಲ್ಲ. ಕೆಲಸ ಇಲ್ಲದ ಊರು ಬಂದದ್ದನ್ನು ಬೇಡ ಅನ್ನಲಾರದು. ಹಸಿದವನ ಮುಂದೆ ಆಯ್ಕೆ ಎಲ್ಲಿರುತ್ತದೆ? ಆದರೆ ಇದನ್ನು ನೋಡಿ ನಮಗೆ ಸಂಕಟವಾಗುತ್ತದೆ. ಒಂದು ಕಾಲಕ್ಕೆ ಬೆಂಕಿಯ ಬಣ್ಣ ನೋಡಿಯೇ ಕಬ್ಬಿಣ ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದವರ ಮೊಮ್ಮಕ್ಕಳಿಗೆ, ಇನ್ನೊಬ್ಬ ಬಡವನ ಬಾಗಿಲಿಗೆ ಬೀಗ ಹಾಕುವುದೇ ಸಿಗುವ ಕೆಲಸ. ಗಣಿ ಊರಿನ ಕೈಕೆಲಸ ಹೀಗೆ ಕೊನೆಯಾಗಬಾರದಿತ್ತು.

ಪ್ರವಾಸೋದ್ಯಮ ಇದೆಯಲ್ಲ ಅನ್ನುತ್ತೀರಾ? ಇದೆ. ಫೋರ್ಡರ್ನ್‌ಬರ್ಗಿನ ನಾಲ್ಕನೇ ಗಾಲಿ ಕಾರ್ಖಾನೆಯನ್ನು ಚೆನ್ನಾಗಿ ಉಳಿಸಿ ಮ್ಯೂಸಿಯಂ ಮಾಡಿದ್ದಾರೆ. ಇದ್ದಿಲಿನ ಕುಲುಮೆ ಹೇಗಿತ್ತು ಅಂತ ಅಲ್ಲಿ ಕಣ್ಣಾರೆ ನೋಡಬಹುದು. ಐಸೆನೆರ್ಟ್ಸ್‌ನಲ್ಲಿ ಹಳೇ ಡಂಪರ್ ಮೇಲೆ ಸೀಟು ಹಾಕಿ ಪ್ರವಾಸಿಗಳನ್ನು ಗಣಿ ಸುತ್ತಿಸುತ್ತಾರೆ. 1995ರಿಂದ ವರ್ಷಕ್ಕೊಮ್ಮೆ ಬೆಟ್ಟದ ಮೇಲೆ ಮೋಟಾರ್‌ಸೈಕಲ್ ರೇಸ್ ನಡೆಯುತ್ತದೆ, ದೇಶ ವಿದೇಶದಿಂದ ಸವಾರರು ಬರುತ್ತಾರೆ. ನೆನಪನ್ನು ಕಾಪಾಡಿದವರಿಗೆ ನಾವು ಕೈ ಮುಗಿಯುತ್ತೇವೆ. ಆದರೆ ನಾಲ್ಕು ದಿನದ ಜಾತ್ರೆಯಿಂದ ಮುನ್ನೂರ ಅರವತ್ತೈದು ದಿನದ ಒಲೆ ಉರಿಯುವುದಿಲ್ಲ. ಜಾತ್ರೆ ಅಂಗಡಿ ಹಾಕುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಮ್ಯೂಸಿಯಂನಲ್ಲಿ ಇಡಲು ಹಿಂಜರಿಯುವ ನೆನಪು

ಗಣಿ ಊರುಗಳಲ್ಲಿ ಹಳೇ ಕಾಲ ಬಂಗಾರದ ಕಾಲ ಎಂಬ ಮಾತು ಸಾಮಾನ್ಯ. ಅದರಲ್ಲೂ ಅರ್ಧ ಮರೆಮಾಚುವಿಕೆ ಇದೆ. ಹೇಳಲೇಬೇಕು.

1938ರಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿತು. ನಾಜಿಗಳಿಗೆ ಯುದ್ಧಕ್ಕೆ ಕಬ್ಬಿಣ ಬೇಕಿತ್ತು, ಎರ್ಟ್ಸ್‌ಬರ್ಗ್ ಅವರ ನಾಯಕ ಗೋರಿಂಗ್ ಹೆಸರಿನ ಉದ್ಯಮದ ಪಾಲಾಯಿತು. ಅಗೆಯಲು ಯುದ್ಧಕೈದಿಗಳನ್ನು, ಬೇರೆ ದೇಶಗಳಿಂದ ಎಳೆದು ತಂದವರನ್ನು ಹಚ್ಚಿದರು. ಮೌಟ್‌ಹೌಸನ್ ಎಂಬ ಕುಖ್ಯಾತ ಸೆರೆ ಶಿಬಿರದ ಒಂದು ಶಾಖೆಯೇ ಐಸೆನೆರ್ಟ್ಸ್‌ನಲ್ಲಿತ್ತು.

1945ರ ಏಪ್ರಿಲ್ 7. ಯುದ್ಧ ಮುಗಿಯಲು ತಿಂಗಳಷ್ಟೇ ಬಾಕಿ. ಹಂಗೇರಿಯ ಯಹೂದಿಗಳನ್ನು ಕಾಲ್ನಡಿಗೆಯಲ್ಲಿ ಮೌಟ್‌ಹೌಸನ್ ಕಡೆ ಅಟ್ಟಿಕೊಂಡು ಹೋಗುತ್ತಿದ್ದರು. ಫೋರ್ಡರ್ನ್‌ಬರ್ಗ್ ದಾಟಿ ಪ್ರೆಬಿಖ್ಲ್ ಘಾಟಿಯಲ್ಲಿ ಅವರ ಮೇಲೆ ಗುಂಡು ಹಾರಿತು. 200ಕ್ಕೂ ಹೆಚ್ಚು ಜನ ಸತ್ತರು. ಹೊಡೆದವರು ಎಲ್ಲಿಂದಲೋ ಬಂದವರಲ್ಲ, ಐಸೆನೆರ್ಟ್ಸ್‌ನ ಸ್ಥಳೀಯ ಪಡೆಯವರು. ಯುದ್ಧದ ನಂತರ ಬ್ರಿಟಿಷರು ವಿಚಾರಣೆ ನಡೆಸಿ ಹಲವರಿಗೆ ಮರಣದಂಡನೆ ಕೊಟ್ಟರು. ಆಮೇಲೆ ದಶಕಗಟ್ಟಲೆ ಊರು ಬಾಯಿ ಬಿಡಲಿಲ್ಲ. 2004ರಲ್ಲಿ ಘಾಟಿಯಲ್ಲಿ ಸ್ಮಾರಕ ನಿಂತಿತು. ಅದಕ್ಕಾಗಿ ದುಡಿದವರಲ್ಲಿ ಊರಿನ ಯುವಕ ಯುವತಿಯರೂ ಇದ್ದರು.

ಇದನ್ನು ಯಾಕೆ ಹೇಳುತ್ತಿದ್ದೇವೆ? ಗಣಿ ಊರಿನ ಇತಿಹಾಸ ಅಂದರೆ ಯಜಮಾನರ ಮನೆ, ಸಮವಸ್ತ್ರ, ಬ್ಯಾಂಡು ಮಾತ್ರ ಅಲ್ಲ. ಅಗೆದವರು ಯಾರು, ಯಾರ ಒತ್ತಾಯಕ್ಕೆ ಅಗೆದರು, ಯಾರು ಸತ್ತರು ಎಂಬುದೂ ಲೆಕ್ಕದಲ್ಲಿ ಬರಬೇಕು. ಅದನ್ನು ಕೇಳುವ ಧೈರ್ಯ ಮಕ್ಕಳಿಗೆ ಬಂದ ದಿನ ಊರಿನ ಉಸಿರು ಸ್ವಲ್ಪ ಹಗುರಾಗುತ್ತದೆ. ಆ ಊರಿನ ಎಲ್ಲ ಕೆಲಸಗಳಲ್ಲಿ ನಮಗೆ ಅತಿ ಹೆಚ್ಚು ಗೌರವ ಇರುವುದು ಆ ಸ್ಮಾರಕದ ಬಗ್ಗೆಯೇ.

ಆ ಕಣಿವೆಯಿಂದ ನಮ್ಮ ತೋರಣಗಲ್ಲಿಗೆ

ಎಲ್ಲಿಯ ಆಸ್ಟ್ರಿಯಾ, ಎಲ್ಲಿಯ ಸಂಡೂರು ಅಂತ ಕೇಳಬಹುದು. ನಂಟು ಇದೆ, ಅದೂ ಗಟ್ಟಿ ಕಬ್ಬಿಣದ ನಂಟು.

ಕರಗಿದ ಕಬ್ಬಿಣದ ಮೇಲೆ ಆಮ್ಲಜನಕ ಊದಿ ಉಕ್ಕು ಮಾಡುವ ವಿಧಾನಕ್ಕೆ ಎಲ್‌ಡಿ ಅಂತ ಹೆಸರು. ಎಲ್ ಅಂದರೆ ಆಸ್ಟ್ರಿಯಾದ ಲಿಂಟ್ಸ್, ಡಿ ಅಂದರೆ ಅದೇ ಡೋನಾವಿಟ್ಸ್, ಫೋರ್ಡರ್ನ್‌ಬರ್ಗಿನ ಬೆಂಕಿ ಇಳಿದು ಹೋದ ಜಾಗ. ಲಿಂಟ್ಸ್‌ನಲ್ಲಿ 1952ರಲ್ಲಿ, ಡೋನಾವಿಟ್ಸ್‌ನಲ್ಲಿ 1953ರಲ್ಲಿ ಶುರುವಾದ ಆ ವಿಧಾನ ಇಂದು ಜಗತ್ತಿನ ಬಹುಪಾಲು ಉಕ್ಕಿನ ದಾರಿ. ಇನ್ನು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲಿ 1999ರಲ್ಲಿ ಶುರುವಾದ ಕೋರೆಕ್ಸ್ ಕುಲುಮೆ ಇದೆಯಲ್ಲ, ಅದರ ತಂತ್ರಜ್ಞಾನ ಕೊಟ್ಟದ್ದು ವೋಯೆಸ್ಟ್ ಆಲ್ಪೈನ್ ಬಳಗ. ಎರ್ಟ್ಸ್‌ಬರ್ಗ್ ಅಗೆದ ಆಲ್ಪೈನ್ ಕಂಪನಿಯನ್ನೇ 1973ರಲ್ಲಿ ಲಿಂಟ್ಸ್‌ನ ಕಂಪನಿಯ ಜೊತೆ ಸೇರಿಸಿ ಆದ ಬಳಗ ಅದು.

ಅಂದರೆ ಅವರ ಕುಲುಮೆ ವಿದ್ಯೆ ನಮ್ಮಲ್ಲಿಗೆ ಬಂದಿದೆ. ಅವರ ಊರಿನ ಪಾಠ ಬಂದಿಲ್ಲ.

ನಮ್ಮಲ್ಲಿ 2011ರಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಕೋರ್ಟ್ ಗಣಿ ನಿಲ್ಲಿಸಿದ್ದಕ್ಕೆ ಊರು ಹಾಳಾಯಿತು ಅಂತ ಇವತ್ತಿಗೂ ಚಹಾ ಅಂಗಡಿಯಲ್ಲಿ ಹೇಳುವವರಿದ್ದಾರೆ. ಲಾರಿ ಸಾಲ ಮಾಡಿದವರ ಕಷ್ಟ ಸುಳ್ಳಲ್ಲ, ಅದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಐಸೆನೆರ್ಟ್ಸ್ ನೋಡಿ ಹೇಳಿ, ಯಾವ ಕೋರ್ಟೂ ನಿಲ್ಲಿಸದ ಗಣಿಯ ಪಕ್ಕದ ಊರು ಯಾಕೆ ಖಾಲಿಯಾಯಿತು? ಇಂದು ನಮ್ಮ ಗಣಿಗಳಲ್ಲೂ ಟಿಪ್ಪರ್ ಬದಲಿಗೆ ಕನ್ವೇಯರ್ ಬೆಲ್ಟ್ ಬರುತ್ತಿದೆ. ಧೂಳಿಗೆ ಒಳ್ಳೆಯದೇ. ಆದರೆ ಟಿಪ್ಪರ್ ಓಡಿಸುವ ಹುಡುಗ ಏನು ಮಾಡಬೇಕು ಅಂತ ಬೆಲ್ಟ್ ಹಾಕುವ ಮೊದಲು ಯಾರಾದರೂ ಕೇಳಿದರಾ?

ಹಾಗಾದರೆ ಗಣಿ ಬೇಡವಾ?

ನಾವು ಹಾಗೆ ಹೇಳಲಿಲ್ಲ. ನೇಗಿಲ ಗುಳಕ್ಕೂ, ಬಸ್ಸಿಗೂ, ನೀವು ಇದನ್ನು ಓದುತ್ತಿರುವ ಫೋನಿನ ಟವರಿಗೂ ಕಬ್ಬಿಣ ಬೇಕು. ಯಾವ ಗುಡ್ಡ ಮುಟ್ಟಬಾರದು ಎಂಬ ಜಗಳ ಬೇರೆ ಇದೆ, ಅದನ್ನು ಇನ್ನೊಂದು ದಿನ ಆಡೋಣ. ಇವತ್ತು ನಮ್ಮ ವಾದ ಒಂದೇ. ಎಷ್ಟು ಕೆಲಸ ಕೊಡುತ್ತೀರಿ ಎಂಬ ಒಂದೇ ಪ್ರಶ್ನೆ ಕೇಳಿ ಸಹಿ ಹಾಕುವುದನ್ನು ನಿಲ್ಲಿಸಬೇಕು. ಅದು ಮೋಸ ಹೋಗುವ ಪ್ರಶ್ನೆ. ಮೊದಲ ದಿನದ ಕೆಲಸದ ಲೆಕ್ಕ ಹತ್ತನೇ ವರ್ಷಕ್ಕೆ ಇರುವುದಿಲ್ಲ.

ಕೇಳಬೇಕಾದ್ದು ಇವು.

ಒಂದು. ಯಂತ್ರ ಬಂದಾಗ ಏನು? ಹತ್ತು ವರ್ಷದ ನಂತರ ಇದೇ ಅದಿರಿಗೆ ಎಷ್ಟು ಜನ ಸಾಕಾಗುತ್ತಾರೆ, ಉಳಿದವರಿಗೆ ಏನು ದಾರಿ, ಬರೆದು ಕೊಡಿ.

ಎರಡು. ಶಾಲೆ ಎಲ್ಲಿ? ತರಬೇತಿ ಕೇಂದ್ರ, ಐಟಿಐ, ಕಾಲೇಜು ಗಣಿ ಊರಿನಲ್ಲೇ ಇರುತ್ತದಾ, ಇಲ್ಲ ಜಿಲ್ಲಾ ಕೇಂದ್ರಕ್ಕೆ ಇಳಿದು ಹೋಗುತ್ತದಾ? ಫೋರ್ಡರ್ನ್‌ಬರ್ಗ್ ಒಂಬತ್ತೇ ವರ್ಷದಲ್ಲಿ ಶಾಲೆ ಕಳೆದುಕೊಂಡಿತು.

ಮೂರು. ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ? 2015ರ ಕಾನೂನಿನಂತೆ ನಮ್ಮಲ್ಲೂ ಒಂದು ಪೆಟ್ಟಿಗೆ ಇದೆ, ಜಿಲ್ಲಾ ಖನಿಜ ಪ್ರತಿಷ್ಠಾನ. ಹಳೇ ಗುತ್ತಿಗೆಯ ಗಣಿಗಳು ರಾಜಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದ ಗಣಿಗಳು ಶೇ. 10ರಷ್ಟನ್ನು ಅದಕ್ಕೆ ಕಟ್ಟಬೇಕು. ಅದು ಗಣಿಯಿಂದ ತೊಂದರೆಗೊಳಗಾದ ಊರು ಮತ್ತು ಜನರಿಗೆ ಅಂತಲೇ ಇರುವ ದುಡ್ಡು. ನಿಮ್ಮ ಊರಿಗೆ ಎಷ್ಟು ಬಂತು, ಯಾವುದಕ್ಕೆ ಹೋಯಿತು ಅಂತ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಿ. ಅಣ್ಣತಮ್ಮಂದಿರ ಪೆಟ್ಟಿಗೆಯಲ್ಲಿ ದುಡಿದವನ ಹೆಸರಿತ್ತು. ಈ ಪೆಟ್ಟಿಗೆಯಲ್ಲಿ ನಿಮ್ಮ ಹೆಸರು ಇದೆಯಾ?

ನಾಲ್ಕು. ಗಣಿಯ ಹೊರತು ಇನ್ನೇನು ಉಳಿಸಿಕೊಂಡಿದ್ದೀರಿ? ಹೊಲ, ಕೆರೆ, ದನ, ಕೈಕೆಲಸ ಯಾವುದನ್ನೂ ಬಿಟ್ಟುಕೊಡಬೇಡಿ. ಒಂದೇ ಕಂಬದ ಮೇಲೆ ನಿಂತ ಚಪ್ಪರ ಆ ಕಂಬ ಸರಿದರೆ ಬೀಳುತ್ತದೆ.

ಐದು. ಲೆಕ್ಕ ಬರೆಯುವ ಜಾಗದಲ್ಲಿ ನಮ್ಮವರು ಇದ್ದಾರಾ? ತೀರ್ಮಾನ ಆಗುವ ಮೇಜಿನ ಸುತ್ತ ಗ್ರಾಮ ಸಭೆಗೆ ಕುರ್ಚಿ ಇಲ್ಲದಿದ್ದರೆ, ಮುಂದಿನದ್ದೆಲ್ಲ ಬರೀ ಭಾಷಣ.

ಈ ಐದು ಪ್ರಶ್ನೆಗೆ ಲಿಖಿತ ಉತ್ತರ ಸಿಗುವ ತನಕ ಸಭೆ ಬಿಟ್ಟು ಏಳಬೇಡಿ. ಊಟದ ಪೊಟ್ಟಣ ಹಂಚಿದರೂ ಏಳಬೇಡಿ.

ನೀರಿನ ಮನುಷ್ಯ ಕೈಗೆ ಸಿಗುವುದು ಒಂದೇ ಸಲ. ಹಿಡಿದಿರುವಾಗಲೇ ಎಲ್ಲವನ್ನೂ ಕೇಳಬೇಕು. ಅವನು ನೀರಿಗೆ ಹಾರಿದ ಮೇಲೆ ದಡದಲ್ಲಿ ನಿಂತು ಕೂಗಿದರೆ ಉತ್ತರ ಕೊಡುವವರು ಯಾರೂ ಇರುವುದಿಲ್ಲ.

ಮುಂದಿನ ಸಭೆ ನಿಮ್ಮ ಊರಿನಲ್ಲಿ ಯಾವತ್ತು? ಈ ಬರಹವನ್ನು ನಿಮ್ಮ ಊರಿನ ಗುಂಪಿಗೆ ಕಳಿಸಿ. ಫೋನ್ ಓದಲು ಬಾರದ ಹಿರಿಯರಿದ್ದರೆ ಕಟ್ಟೆ ಮೇಲೆ ಕೂತು ಗಟ್ಟಿಯಾಗಿ ಓದಿ ಹೇಳಿ. ಅವರು ಆರನೇ ಪ್ರಶ್ನೆ ಹೇಳಿದರೆ ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.